ಒಂದೇ ಫೈಬರ್ ಲೈನ್, ಕೆಳಗೆ ನಾವು, ಮೇಲೆ ಬಾಡಿಗೆಯವರು: ಎಲ್ಲರ ಕಂಪ್ಯೂಟರ್‌ಗೂ ಭಯವಿಲ್ಲದೆ ಹಂಚೋದು ಹೇಗೆ?

ಮಹಡಿಮನೆ (ಶಿವಮೊಗ್ಗ)

ಎಲ್ಲರಿಗೂ ನಮಸ್ಕಾರ. ನಮ್ಮದು ಮಹಡಿ ಮನೆ. ಕೆಳಗೆ ನಾವಿದ್ದೇವೆ. ಮೇಲೆ ಇಬ್ಬರು ಇಂಜಿನಿಯರಿಂಗ್ ಹುಡುಗರು ಹೊಸದಾಗಿ ಬಾಡಿಗೆಗೆ ಬಂದಿದ್ದಾರೆ. ಅಪ್ಪನ ಹೆಸರಲ್ಲಿ 100 ಎಂಬಿಪಿಎಸ್ ಫೈಬರ್ ಇದೆ. "ಅರ್ಧ ದುಡ್ಡು ನಾವು ಕೊಡ್ತೀವಿ ಆಂಟಿ, ವೈಫೈ ಕೊಡಿ" ಅಂತ ಹುಡುಗರು ಅಮ್ಮನ ಹತ್ರ ಕೇಳಿದರು. ಅಮ್ಮ ಒಪ್ಪಿಯೂ ಆಯ್ತು.

ನನಗೆ ಚಿಂತೆ ಅಪ್ಪನ ಡೆಸ್ಕ್‌ಟಾಪ್‌ದು. ಅವರು ಟ್ಯಾಕ್ಸ್ ರಿಟರ್ನ್ಸ್ ಹಾಕಿಕೊಡುತ್ತಾರೆ. ಊರವರ ಪ್ಯಾನ್ ಕಾರ್ಡು, ಬ್ಯಾಂಕ್ ಸ್ಟೇಟ್‌ಮೆಂಟು ಎಲ್ಲ ಅದರೊಳಗೇ ಇವೆ. ಅದು ಬಿಟ್ಟರೆ ನನ್ನ ಆಫೀಸ್ ಲ್ಯಾಪ್‌ಟಾಪ್, ತಂಗಿಯ ಲ್ಯಾಪ್‌ಟಾಪ್, ವೈಫೈ ಪ್ರಿಂಟರ್, ಟಿವಿ, ಗೇಟಿನ ಕ್ಯಾಮೆರಾ. ಕೇಬಲ್‌ನವರು ಗೋಡೆಗೆ ಹೊಡೆದು ಹೋದ ಬಿಳಿ ಡಬ್ಬಿ (ನೆಟ್ ಹಂಚುವ ರೌಟರ್ ಅದೇ) ಒಂದೇ ಇರೋದು. ಅದರ ವೈಫೈ ಪಾಸ್‌ವರ್ಡ್ ಅಪ್ಪನ ಮೊಬೈಲ್ ನಂಬರ್. ಕನೆಕ್ಷನ್ ಕೊಡಲು ಬಂದ ಹುಡುಗನೇ ಇಟ್ಟಿದ್ದು.

ಮೇಲಿನವರಿಗೆ ನೆಟ್ ಸಿಗಬೇಕು, ನಮ್ಮ ಕಂಪ್ಯೂಟರ್‌ಗಳು ಅವರಿಗೆ ಕಾಣಬಾರದು. ಏನು ಮಾಡಬೇಕು? ಜಾಸ್ತಿ ಖರ್ಚು ಬೇಡ.

ಸುಮ್ನೆ_ಓದುಗ

ಇಷ್ಟಕ್ಕೆಲ್ಲ ತಲೆ ಕೆಡಿಸಿಕೊಳ್ಳಬೇಡಿ ಮಾರಾಯ್ರೆ. ಪಾಸ್‌ವರ್ಡ್ ಕೊಟ್ಟುಬಿಡಿ. ಡಬ್ಬಿಯೊಳಗೆ ನ್ಯಾಟ್ (ಮನೆಯ ಎಲ್ಲ ಸಾಧನಗಳನ್ನೂ ಒಂದೇ ಹೊರವಿಳಾಸದ ಹಿಂದೆ ಇಡೋ ವ್ಯವಸ್ಥೆ) ಇರುತ್ತೆ, ಹೊರಗಿಂದ ಯಾರೂ ಒಳಗೆ ಬರೋಕಾಗಲ್ಲ. ನಮ್ಮಂಥವರ ಮನೆಗೆ ಯಾರು ಬಂದು ಹ್ಯಾಕ್ ಮಾಡ್ತಾರೆ?

ಪ್ಯಾಕೆಟ್_ಪುಟ್ಟಿ (ಬೆಂಗಳೂರು)

ಸುಮ್ನೆ_ಓದುಗ ಅವರೇ, ನ್ಯಾಟ್ ಹೊರಗಿನವರನ್ನು ತಡೆಯುತ್ತೆ, ಸರಿ. ಆದರೆ ಇಲ್ಲಿ ಪ್ರಶ್ನೆ ಒಳಗಿನವರದ್ದು. ಒಂದೇ ವೈಫೈಗೆ ಸೇರಿದ ಕಂಪ್ಯೂಟರ್‌ಗಳಿಗೆಲ್ಲ 192.168.1.2, 192.168.1.3 ಅಂತ ವಿಳಾಸ ಸಿಗುತ್ತೆ. ಅವು ಒಂದಕ್ಕೊಂದು ನೇರವಾಗಿ ಮಾತಾಡುತ್ತವೆ. ಮಧ್ಯೆ ತಡೆಯೋರು ಯಾರೂ ಇರಲ್ಲ. ಅಪ್ಪನ ಡೆಸ್ಕ್‌ಟಾಪ್‌ನಲ್ಲಿ ಒಂದು ಫೋಲ್ಡರ್ ಶೇರ್ ಆಗಿದ್ದರೆ ಮೇಲಿನ ಹುಡುಗರ ಪರದೆಯಲ್ಲೂ ಅದು ಕಾಣಬಹುದು.

ಹುಡುಗರು ಒಳ್ಳೆಯವರೇ ಇರಬಹುದು. ಅವರ ಲ್ಯಾಪ್‌ಟಾಪ್ ಕಥೆ ಬೇರೆ. ಕ್ರ್ಯಾಕ್ ಮಾಡಿದ ಸಾಫ್ಟ್‌ವೇರ್ ಇಲ್ಲದ ಹಾಸ್ಟೆಲ್ ಲ್ಯಾಪ್‌ಟಾಪ್ ನಾನಂತೂ ನೋಡಿಲ್ಲ. 2017ರ ಮೇ ತಿಂಗಳಲ್ಲಿ ವಾನಾಕ್ರೈ ಅನ್ನೋ ಕೆಟ್ಟ ಪ್ರೋಗ್ರಾಂ ಬಂದಾಗ ಯಾರೂ ಏನನ್ನೂ ಕ್ಲಿಕ್ ಮಾಡಬೇಕಾಗಿರಲಿಲ್ಲ. ವಿಂಡೋಸ್‌ನ ಫೈಲ್ ಶೇರಿಂಗ್‌ನಲ್ಲಿದ್ದ ತೂತಿನಿಂದ ಒಂದು ಕಂಪ್ಯೂಟರ್‌ನಿಂದ ಪಕ್ಕದ ಕಂಪ್ಯೂಟರ್‌ಗೆ ತಾನೇ ಹರಡಿತು. 2016ರ ಮಿರಾಯ್ ಅಂಥದ್ದೇ, ಇನ್ನೂ ಸರಳ. ಕ್ಯಾಮೆರಾ, ಡಿವಿಆರ್, ರೌಟರ್‌ಗಳಿಗೆ ಕಂಪನಿ ಇಟ್ಟ ಪಾಸ್‌ವರ್ಡ್‌ಗಳ ಒಂದು ಪಟ್ಟಿ ಹಿಡಿದು ಒಂದೊಂದೇ ಒತ್ತಿ ನೋಡುತ್ತಿತ್ತು, ಅಷ್ಟೇ. "ನಮ್ಮ ಮನೆಗೆ ಯಾರು ಬರ್ತಾರೆ" ಅನ್ನೋ ಪ್ರಶ್ನೆಯೇ ಅಲ್ಲಿ ಬರಲ್ಲ. ಅದಕ್ಕೆ ಯಾರ ಮನೆಯಾದರೂ ಒಂದೇ.

ಮಹಡಿಮನೆ, ಮೊದಲು ಆ ಮೊಬೈಲ್ ನಂಬರ್ ಪಾಸ್‌ವರ್ಡ್ ತೆಗೆಯಿರಿ. ಇವತ್ತೇ. ನಮ್ಮ ಮೊಬೈಲ್ ನಂಬರ್‌ಗಳು 6, 7, 8, 9ರಿಂದ ಶುರುವಾಗುತ್ತವೆ, ಅಂದರೆ ಒಟ್ಟು 400 ಕೋಟಿ ಸಾಧ್ಯತೆ. ಕೇಳೋಕೆ ದೊಡ್ಡದು. ಆದರೆ ಡಬ್ಲ್ಯುಪಿಎ2 ಅನ್ನೋ ಬೀಗ ಇರೋ ವೈಫೈಗೆ ಯಾವುದಾದರೂ ಫೋನ್ ಸೇರುವ ಕ್ಷಣದ ಸಿಗ್ನಲ್ ಹಿಡಿದಿಟ್ಟುಕೊಂಡರೆ, ಮನೆಗೆ ಹೋಗಿ ಒಳ್ಳೆ ಗ್ರಾಫಿಕ್ಸ್ ಕಾರ್ಡ್ ಹಾಕಿ ಅಷ್ಟನ್ನೂ ಕೆಲವೇ ಗಂಟೆಗಳಲ್ಲಿ ಪರೀಕ್ಷಿಸಬಹುದು. ಅದೂ ಬೇಡ, ಅಪ್ಪನ ನಂಬರ್ ಅವರ ಬೋರ್ಡ್ ಮೇಲೇ ಇರುತ್ತೆ ಅಲ್ವಾ?

ಮಹಡಿಮನೆ

ಬೋರ್ಡ್ ಮೇಲೆ ಇದೆ 😅 ಇವತ್ತು ಸಂಜೆನೇ ಬದಲಾಯಿಸುತ್ತೇನೆ. ಎಂಥದ್ದು ಇಡಲಿ?

ಪ್ಯಾಕೆಟ್_ಪುಟ್ಟಿ

ಒಂದಕ್ಕೊಂದು ಸಂಬಂಧ ಇಲ್ಲದ ನಾಲ್ಕೈದು ಕನ್ನಡ ಪದ ತಗೊಳ್ಳಿ. ಹುಣಸೆ, ಸೈಕಲ್, ಮಂಗಳವಾರ, ಚಕ್ಕುಲಿ, ಹೀಗೆ. ಇಂಗ್ಲಿಷ್ ಅಕ್ಷರದಲ್ಲಿ ಒಟ್ಟಿಗೆ ಬರೆಯಿರಿ. 8ರಿಂದ 63 ಅಕ್ಷರ ಹಿಡಿಯುತ್ತೆ, ಜಾಗಕ್ಕೆ ಕೊರತೆ ಇಲ್ಲ. ಗಾದೆ, ಹಾಡಿನ ಸಾಲು, ಮನೆದೇವರ ಹೆಸರು ಬೇಡ. ನಾನು ಕೊಟ್ಟ ಉದಾಹರಣೆಯನ್ನೇ ಇಡಬೇಡಿ ಮತ್ತೆ!

ಹಾಗೇ ಡಬ್ಲ್ಯುಪಿಎಸ್ ಅಂತ ಒಂದು ಇರುತ್ತೆ, ಪಾಸ್‌ವರ್ಡ್ ಬದಲು ಬಟನ್ ಅಥವಾ ಪಿನ್‌ನಿಂದ ವೈಫೈ ಸೇರೋ ದಾರಿ, ಅದನ್ನು ಆಫ್ ಮಾಡಿ. ಅದರ ಪಿನ್ ಎಂಟು ಅಂಕಿಯದ್ದು. ಕೊನೆಯ ಅಂಕಿ ಬರೀ ತಾಳೆ ನೋಡೋಕೆ. ಉಳಿದ ಏಳನ್ನು ರೌಟರ್ ಎರಡು ತುಂಡು ಮಾಡಿ, ಮೊದಲು ನಾಲ್ಕು, ಆಮೇಲೆ ಮೂರು ಅಂತ ಬೇರೆ ಬೇರೆಯಾಗಿ "ಸರಿ, ತಪ್ಪು" ಹೇಳಿಬಿಡುತ್ತೆ. ಹಾಗಾಗಿ ಕೋಟಿ ಬದಲು 11,000 ಸಲ ಪ್ರಯತ್ನಿಸಿದರೆ ಸಾಕು. 2011ರ ಕೊನೆಯಲ್ಲೇ ಇದು ಬಯಲಾಯ್ತು. ಹಳೇ ಡಬ್ಬಿಗಳಲ್ಲಿ ಇನ್ನೂ ಆನ್ ಆಗಿಯೇ ಇರುತ್ತೆ.

ಕಾಫಿತೋಟ (ಸಕಲೇಶಪುರ)

ವೈಫೈ ಹೆಸರು ಮುಚ್ಚಿಡಿ, ಮ್ಯಾಕ್ ಫಿಲ್ಟರ್ (ಪ್ರತಿ ಸಾಧನಕ್ಕೂ ಇರೋ ಮ್ಯಾಕ್ ವಿಳಾಸ ನೋಡಿ ಒಳಗೆ ಬಿಡೋದು) ಹಾಕಿ. ನಮ್ಮ ಮನೆಯಲ್ಲಿ ಅದೇ ಮಾಡಿರೋದು. ಲಿಸ್ಟ್‌ನಲ್ಲಿ ಇಲ್ಲದ ಫೋನ್ ಸೇರೋದೇ ಇಲ್ಲ.

ತಂತಿಜಾಲ (ಮೈಸೂರು, ಟೆಲಿಕಾಂ ನಿವೃತ್ತ)

ಅದೆಲ್ಲ ಕೆಲಸಕ್ಕೆ ಬರಲ್ಲ ಕಾಫಿತೋಟ ಅವರೇ. ಮ್ಯಾಕ್ ವಿಳಾಸ ಗಾಳಿಯಲ್ಲಿ ಬಿಚ್ಚಾಗಿಯೇ ಹೋಗುತ್ತದೆ. ಕದ್ದು ಹಾಕಿಕೊಳ್ಳಲು ಒಂದು ನಿಮಿಷ ಸಾಕು. ಹೆಸರು ಮುಚ್ಚಿಟ್ಟರೂ ನಿಮ್ಮ ಫೋನೇ ಹೋದಲ್ಲೆಲ್ಲ ಆ ಹೆಸರು ಕೂಗಿ ಹುಡುಕುತ್ತದೆ. ಆಂಡ್ರಾಯ್ಡ್ 10, ಐಓಎಸ್ 14 ಬಂದ ಮೇಲಂತೂ ಫೋನ್‌ಗಳು ಪ್ರತಿ ವೈಫೈಗೂ ಬೇರೆ ಬೇರೆ ಸುಳ್ಳು ಮ್ಯಾಕ್ ತೋರಿಸುತ್ತವೆ. ಸುಮ್ನೆ ಮನೆಗೆ ಬಂದ ನೆಂಟರಿಗೆ ತೊಂದರೆ, ಅಷ್ಟೇ.

ಮಹಡಿಮನೆ ಅವರಿಗೆ ಎರಡು ಮಾತು. ಲೈನ್ ನಿಮ್ಮ ತಂದೆಯವರ ಹೆಸರಲ್ಲಿದೆ. ಮೇಲಿನವರು ಏನು ಮಾಡಿದರೂ ಹೊರಗೆ ಕಾಣುವುದು ನಿಮ್ಮ ಲೈನಿನ ಐಪಿ, ಅಂದರೆ ಇಂಟರ್ನೆಟ್‌ನಲ್ಲಿನ ವಿಳಾಸ. 2008ರ ಜುಲೈನಲ್ಲಿ ಅಹಮದಾಬಾದ್ ಸ್ಫೋಟಕ್ಕೆ ಸ್ವಲ್ಪ ಮುಂಚೆ ಟಿವಿ ಚಾನೆಲ್‌ಗಳಿಗೆ ಬಂದ ಬೆದರಿಕೆ ಇಮೇಲ್ ನೆನಪಿರಬೇಕಲ್ಲ? ಪೊಲೀಸರು ಐಪಿ ಹಿಡಿದು ಹೋದರೆ ಅದು ನವಿ ಮುಂಬೈನಲ್ಲಿ ಬಾಡಿಗೆಗಿದ್ದ ಒಬ್ಬ ಅಮೆರಿಕನ್ನರ ಫ್ಲ್ಯಾಟ್. ಅವರ ವೈಫೈ ಬಳಸಿ ಬೇರೆ ಯಾರೋ ಕಳಿಸಿದ್ದರು. ಕಂಪ್ಯೂಟರ್ ಜಪ್ತಿ, ವಿಚಾರಣೆ ಎಲ್ಲ ಎದುರಿಸಿದ್ದು ಆ ಮನುಷ್ಯ. ಅದಾದ ಮೇಲೆಯೇ 2009ರಲ್ಲಿ ದೂರಸಂಪರ್ಕ ಇಲಾಖೆ ಇಂಟರ್ನೆಟ್ ಕಂಪನಿಗಳಿಗೆ ವೈಫೈ ಭದ್ರ ಮಾಡಿಸಿ ಎಂದು ಸೂಚನೆ ಕೊಟ್ಟಿತು.

ಹೆದರಿಸಲು ಹೇಳುತ್ತಿಲ್ಲ. ಒಂದೇ ಮನೆಯೊಳಗೆ ಹಂಚಿಕೊಳ್ಳಿ, ಆದರೆ ಬಾಡಿಗೆ ಕರಾರಿನಲ್ಲಿ ಒಂದು ಸಾಲು ಬರೆಸಿ. ನಿಮ್ಮ ಪ್ಲಾನಿನ ಷರತ್ತಿನಲ್ಲಿ ಏನಿದೆ ಅಂತಲೂ ಒಮ್ಮೆ ಓದಿ. ಪಕ್ಕದ ಮನೆಗೆ ಕೇಬಲ್ ಎಳೆದು ದುಡ್ಡು ತಗೊಳ್ಳುವುದು ಮಾತ್ರ ಬೇಡವೇ ಬೇಡ. ಅದು ಮರುಮಾರಾಟ ಆಗುತ್ತದೆ.

ಸುಮ್ನೆ_ಓದುಗ

ನಮ್ಮ ಬೀದಿಯಲ್ಲಿ ಟೀ ಅಂಗಡಿಯವನು ವೈಫೈ ಮಾರ್ತಾನಲ್ಲ ಸಾರ್, ಅದು?

ತಂತಿಜಾಲ

ಅದು ಪಿಎಂ-ವಾಣಿ ಇರಬೇಕು. 2020ರ ಡಿಸೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಸಾರ್ವಜನಿಕ ವೈಫೈ ಯೋಜನೆ. ಅಂಗಡಿಯವರಿಗೆ ಲೈಸೆನ್ಸ್ ಬೇಡ, ಆದರೆ ನೋಂದಾಯಿತ ಅಗ್ರಿಗೇಟರ್ (ಇಂಥ ಅಂಗಡಿಗಳನ್ನು ಒಟ್ಟುಗೂಡಿಸಿ ನೋಡಿಕೊಳ್ಳುವ ಕಂಪನಿ) ಮೂಲಕವೇ ಕೊಡಬೇಕು. ಯಾರು ಬಳಸಿದರು ಅನ್ನೋ ಲೆಕ್ಕ ಅಲ್ಲಿ ಇರುತ್ತದೆ. ಇಲ್ಲಿನ ವಿಷಯ ಅದಲ್ಲ.

ಹಂಚಿಕೊಳ್ಳೋದು ಹೊಸದೇನೂ ಅಲ್ಲ ಬಿಡಿ. 2005ರಲ್ಲಿ ಬಿಎಸ್‌ಎನ್‌ಎಲ್ ಡೇಟಾವನ್ ಬ್ರಾಡ್‌ಬ್ಯಾಂಡ್ ಬಂದಾಗ ಜನ ಒಂದು ಕಂಪ್ಯೂಟರ್‌ಗೆ ಎರಡು ಲ್ಯಾನ್ ಕಾರ್ಡ್ ಹಾಕಿ, ವಿಂಡೋಸ್‌ನ ಕನೆಕ್ಷನ್ ಶೇರಿಂಗ್ ಆನ್ ಮಾಡಿ ಎರಡನೇ ಕಂಪ್ಯೂಟರ್‌ಗೆ ಕೊಡುತ್ತಿದ್ದರು. ಮೊದಲನೆಯದು ಆಫ್ ಆದರೆ ಎರಡನೆಯದಕ್ಕೂ ನೆಟ್ ಇಲ್ಲ. ರಾತ್ರಿ 2ರಿಂದ ಬೆಳಿಗ್ಗೆ 8ರವರೆಗೆ ಡೌನ್‌ಲೋಡ್ ಫ್ರೀ ಅಂತ ಇಡೀ ಮನೆ ಎದ್ದು ಕೂರುತ್ತಿತ್ತು!

ಮಹಡಿಮನೆ

ತಂತಿಜಾಲ ಸರ್, ಕರಾರಿನ ವಿಷಯ ಅಪ್ಪನಿಗೆ ಹೇಳಿದೆ, ಬರೆಸುತ್ತಾರೆ.

ಈಗ ಮುಖ್ಯ ಪ್ರಶ್ನೆ. ವೈಫೈ ಸಿಗ್ನಲ್ ಮೇಲೆ ಸರಿಯಾಗಿ ಹೋಗಲ್ಲ, ಆರ್‌ಸಿಸಿ ಮನೆ. ಹಾಗಾಗಿ ಒಂದು ಕೇಬಲ್ ಎಳೆದು ಮೇಲೆ ಸಾವಿರ ರೂಪಾಯಿಯ ಸಣ್ಣ ರೌಟರ್ ಇಡೋಣ ಅಂತಿದ್ದೇನೆ. ಅವರ ರೌಟರ್ ಅವರಿಗೆ, ಬಿಳಿ ಡಬ್ಬಿ ನಮಗೆ. ಬೇರೆ ಬೇರೆ ಆಯ್ತಲ್ಲ?

ಪ್ಯಾಕೆಟ್_ಪುಟ್ಟಿ

ಇಲ್ಲ! ದಯವಿಟ್ಟು ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ನೂರಕ್ಕೆ ತೊಂಬತ್ತು ಜನ ಇದನ್ನೇ ಮಾಡೋದು, ಇದು ತಿರುಗುಮುರುಗು.

ಬಿಳಿ ಡಬ್ಬಿಯ ನೆಟ್‌ವರ್ಕ್ 192.168.1 ಅಂದುಕೊಳ್ಳಿ. ಮೇಲಿನ ರೌಟರ್ ಒಳಗೆ 192.168.20. ಹುಡುಗನೊಬ್ಬ ತನ್ನ ಲ್ಯಾಪ್‌ಟಾಪ್‌ನಿಂದ ಅಪ್ಪನ ಡೆಸ್ಕ್‌ಟಾಪ್ 192.168.1.5 ಹುಡುಕಿದ ಅಂತಿಟ್ಟುಕೊಳ್ಳಿ. ಅವನ ರೌಟರ್ ಏನು ಮಾಡುತ್ತೆ? "ಇದು ನನ್ನೊಳಗಿನದ್ದಲ್ಲ, ಹೊರಗಿನದ್ದು" ಅಂತ ತನ್ನ ವ್ಯಾನ್ ಪೋರ್ಟ್‌ನಿಂದ (ಹೊರಗಿನ ಲೈನ್ ಸಿಕ್ಕಿಸೋ ಜಾಗ) ಹೊರಗೆ ಕಳಿಸುತ್ತೆ. ಹೊರಗೆ ಇರೋದೇ ನಿಮ್ಮ ನೆಟ್‌ವರ್ಕ್. ಡೆಸ್ಕ್‌ಟಾಪ್ ಸಿಕ್ಕಿಬಿಡುತ್ತೆ. ಆದರೆ ನೀವು ಅವರ ಲ್ಯಾಪ್‌ಟಾಪ್ ಹುಡುಕಿದರೆ ಅವರ ರೌಟರ್‌ನ ನ್ಯಾಟ್ ತಡೆಯುತ್ತೆ. ಅಂದರೆ ನೀವು ಅವರನ್ನು ಕಾಪಾಡಿದಿರಿ, ಅಪ್ಪನನ್ನು ಬಿಚ್ಚಿಟ್ಟಿರಿ.

ನೆನಪಿಡೋಕೆ ಸುಲಭ ಆಗಲಿ ಅಂತ, ಬಿಳಿ ಡಬ್ಬಿಯ ನೆಟ್‌ವರ್ಕನ್ನು ಜಗುಲಿ ಅಂದುಕೊಳ್ಳಿ. ರೌಟರ್ ಅಂದರೆ ಒಳಮನೆಯ ಬಾಗಿಲು. ಒಳಗಿನವರು ಜಗುಲಿಗೆ ಬರಬಹುದು, ಜಗುಲಿಯಲ್ಲಿರುವವರು ಒಳಗೆ ಹೋಗೋಕಾಗಲ್ಲ. ಈಗ ಹುಡುಗರು ಒಳಮನೆಯಲ್ಲಿ, ನೀವೆಲ್ಲ ಜಗುಲಿಯಲ್ಲಿ ಕೂತ ಹಾಗಾಯ್ತು.

ಮಹಡಿಮನೆ

ಅಯ್ಯೋ. ಹಾಗಾದರೆ ರೌಟರ್ ನಾವು ಇಟ್ಟುಕೊಂಡು, ಅವರನ್ನು ಡಬ್ಬಿಗೆ ಹಾಕಬೇಕಾ?

ಪ್ಯಾಕೆಟ್_ಪುಟ್ಟಿ

ಅದು ಪರವಾಗಿಲ್ಲ, ಆದರೆ ಅರ್ಧ ಮಾತ್ರ ಸರಿ. ನಿಮ್ಮ ಟ್ರಾಫಿಕ್ ಎಲ್ಲ ಜಗುಲಿ ದಾಟಿಯೇ ಹೊರಗೆ ಹೋಗಬೇಕು. ಅಲ್ಲಿರುವವನೊಬ್ಬ "ನಾನೇ ಗೇಟ್‌ವೇ, ಹೊರಗೆ ಹೋಗೋ ದಾರಿ ನಾನೇ" ಅಂತ ಸುಳ್ಳು ಹೇಳಿ ಅದನ್ನು ತನ್ನ ಮೂಲಕ ತಿರುಗಿಸಿಕೊಳ್ಳಬಹುದು. ಇವತ್ತು ಬಹುತೇಕ ಕಡೆ ಎಚ್‌ಟಿಟಿಪಿಎಸ್ (ಸೈಟ್ ಜೊತೆಗಿನ ಮಾತನ್ನು ಗುಟ್ಟಾಗಿಡೋ ವ್ಯವಸ್ಥೆ) ಇರೋದರಿಂದ ಬ್ಯಾಂಕ್ ಪಾಸ್‌ವರ್ಡ್ ಓದೋಕಾಗಲ್ಲ, ಆದರೂ ಯಾಕೆ ಬೇಕು?

ನಾನು ಹೇಳೋದು ಎರಡು ರೌಟರ್. ಒಂದು ನಿಮಗೆ, ಒಂದು ಮೇಲಿನವರಿಗೆ. ಎರಡರ ವ್ಯಾನ್ ಪೋರ್ಟೂ ಬಿಳಿ ಡಬ್ಬಿಯ ಲ್ಯಾನ್ ಪೋರ್ಟ್‌ಗಳಿಗೆ (ಮನೆಯೊಳಗಿನ ಸಾಧನ ಸಿಕ್ಕಿಸೋ ಜಾಗ). ಡಬ್ಬಿಯ ವೈಫೈ ಪೂರ್ತಿ ಆಫ್. ಆಗ ಜಗುಲಿಯಲ್ಲಿ ಯಾರೂ ಇರಲ್ಲ, ಇಬ್ಬರೂ ಅವರವರ ಒಳಮನೆಯಲ್ಲಿ. ಅವರು ನಿಮ್ಮನ್ನು ಮುಟ್ಟೋಕಾಗಲ್ಲ, ನೀವೂ ಅವರನ್ನು ಮುಟ್ಟೋಕಾಗಲ್ಲ. 100 ಎಂಬಿಪಿಎಸ್ ಪ್ಲಾನ್‌ಗೆ ಅಗ್ಗದ ರೌಟರ್ ಸಾಕು. ಅವುಗಳ ಪೋರ್ಟ್ ಸಾಮಾನ್ಯವಾಗಿ 100ರದ್ದೇ ಇರುತ್ತೆ. ಮುಂದೆ 300ರ ಪ್ಲಾನ್ ಹಾಕಿಸೋ ಯೋಚನೆ ಇದ್ದರೆ ಮಾತ್ರ ಗಿಗಾಬಿಟ್ ಪೋರ್ಟ್ ಇರೋದು ತಗೊಳ್ಳಿ.

ಮೂರು ಕಡೆ ಮೂರು ಬೇರೆ ನಂಬರ್ ಇರಲಿ. ಡಬ್ಬಿ 192.168.1, ನಿಮ್ಮದು 192.168.10, ಅವರದು 192.168.20. ರೌಟರ್‌ನಲ್ಲೂ ಡಬ್ಬಿಯಲ್ಲೂ 192.168.1 ಅಂತಲೇ ಇದ್ದರೆ ಯಾವುದು ಒಳಗೆ, ಯಾವುದು ಹೊರಗೆ ಅಂತ ಗೊತ್ತಾಗದೆ ನೆಟ್ಟೇ ಬರಲ್ಲ. "ಹೊಸ ರೌಟರ್ ಕೆಟ್ಟಿದೆ" ಅಂತ ಅಂಗಡಿಗೆ ವಾಪಸ್ ತಂದುಕೊಡುವವರಲ್ಲಿ ಎಷ್ಟೋ ಜನರ ಸಮಸ್ಯೆ ಇದೇ.

ಬಾಡಿಗೆದಾರ (ಹುಬ್ಬಳ್ಳಿ)

ಎಲ್ಲರೂ ಮಾಲೀಕರ ಕಡೆಯಿಂದಲೇ ಮಾತಾಡ್ತಿದ್ದೀರಿ 🙂 ನಾನು ಬಾಡಿಗೆ ಮನೆಯಲ್ಲಿರೋನು, ನಮ್ಮ ಓನರ್ ವೈಫೈಯನ್ನೇ ಬಳಸ್ತೀನಿ. ರಾತ್ರಿ ಎಷ್ಟೊತ್ತಿಗೆ ಏನು ನೋಡ್ದೆ ಅಂತ ಅವರಿಗೆ ಗೊತ್ತಾಗುತ್ತಾ? ಒಂದ್ಸಲ "ಏನ್ರೀ, ನಿನ್ನೆ ಮೂರರ ತನಕ ಎದ್ದಿದ್ರಿ" ಅಂದರು.

ಪ್ಯಾಕೆಟ್_ಪುಟ್ಟಿ

ಲೈಟ್ ನೋಡಿ ಹೇಳಿರಬಹುದು!

ಪ್ರಶ್ನೆ ಸರಿಯಾಗಿದೆ. ರೌಟರ್ ಯಾರ ಕೈಯಲ್ಲಿದೆಯೋ ಅವರಿಗೆ ಯಾವ ಸಾಧನ ಯಾವಾಗ ಸೇರಿತು ಅಂತ ಕಾಣುತ್ತೆ. ಕೆಲವು ರೌಟರ್‌ಗಳಲ್ಲಿ ಯಾವ ಸೈಟ್‌ನ ಹೆಸರು ಕೇಳಿದಿರಿ ಅನ್ನೋದೂ ಲಾಗ್ ಆಗುತ್ತೆ. ಆ ಪುಟದಲ್ಲಿ ಏನು ಓದಿದಿರಿ ಅನ್ನೋದು ಕಾಣಲ್ಲ. ಬ್ರೌಸರ್ ಸೆಟ್ಟಿಂಗ್ಸ್‌ನಲ್ಲಿ "ಸೆಕ್ಯೂರ್ ಡಿಎನ್‌ಎಸ್" (ಸೈಟ್‌ನ ಹೆಸರು ಕೊಟ್ಟು ಅದರ ವಿಳಾಸವನ್ನು ಗುಟ್ಟಾಗಿ ಕೇಳೋ ವ್ಯವಸ್ಥೆ) ಆನ್ ಮಾಡಿ 1.1.1.1 ಅಥವಾ 9.9.9.9 ಸರ್ವರ್ ಇಟ್ಟುಕೊಂಡರೆ ಹೆಸರು ಕೇಳೋದೂ ಗುಟ್ಟಾಗುತ್ತೆ. ನಿಮ್ಮದೇ ರೌಟರ್ ಇಟ್ಟುಕೊಂಡರೆ ಇನ್ನೂ ಒಳ್ಳೇದು. ಓನರ್‌ಗೆ ಒಂದೇ ಸಾಧನ ಕಾಣುತ್ತೆ, ಒಳಗೆ ಎಷ್ಟು ಫೋನ್ ಇವೆ ಅಂತಲೂ ಗೊತ್ತಾಗಲ್ಲ. ಅದಕ್ಕೇ ಮೇಲಿನ ರೌಟರ್‌ನ ಪಾಸ್‌ವರ್ಡ್ ಆ ಹುಡುಗರ ಕೈಗೇ ಕೊಟ್ಟುಬಿಡಿ ಅಂತ ಮಹಡಿಮನೆಗೂ ಹೇಳ್ತೀನಿ. ಅದು ಅವರ ಮನೆ.

ಗಿರಣಿ_ಸದ್ದು (ದಾವಣಗೆರೆ)

ಇಷ್ಟೆಲ್ಲ ಯಾಕೆ, ಗೆಸ್ಟ್ ನೆಟ್‌ವರ್ಕ್ (ಬಂದವರಿಗೆ ಅಂತ ಬೇರೆ ವೈಫೈ) ಆನ್ ಮಾಡಿದರೆ ಆಗಲ್ವಾ? ಹಲವು ರೌಟರ್‌ಗಳಲ್ಲಿ ಬರುತ್ತೆ.

ಪ್ಯಾಕೆಟ್_ಪುಟ್ಟಿ

ಒಂದೇ ಅಂತಸ್ತು, ಸಿಗ್ನಲ್ ಎಲ್ಲ ಕಡೆ ಸಿಗುತ್ತೆ ಅಂದರೆ ಗೆಸ್ಟ್ ಧಾರಾಳವಾಗಿ ಸಾಕು. ಆದರೆ ಎರಡು ವಿಷಯ ನೋಡಿ. "ಗೆಸ್ಟ್‌ಗಳು ಲೋಕಲ್ ನೆಟ್‌ವರ್ಕ್ ನೋಡಬಹುದು" ಅನ್ನೋ ಟಿಕ್ ತೆಗೆದಿರಬೇಕು. ಇನ್ನೊಂದು, ಕೇಬಲ್‌ನವರು ಕೊಡೋ ಡಬ್ಬಿಗಳಲ್ಲಿ ಎರಡನೇ, ಮೂರನೇ ವೈಫೈ ಹೆಸರು ಸೇರಿಸಬಹುದು. ಅದನ್ನೇ ಗೆಸ್ಟ್ ಅಂದುಕೊಳ್ಳಬೇಡಿ. ಹೆಸರು ಬೇರೆ, ನೆಟ್‌ವರ್ಕ್ ಎಷ್ಟೋ ಸಲ ಒಂದೇ ಇರುತ್ತೆ.

ಮಹಡಿಮನೆ

ಎರಡು ರೌಟರ್ ತಂದಾಯ್ತು. ಪ್ರಿಂಟರ್ ಕಥೆ ಏನು? ಹುಡುಗರಿಗೂ ಪ್ರಿಂಟ್ ತೆಗೆಯೋಕೆ ಬಿಡ್ತೀನಿ ಅಂತ ಅಪ್ಪ ಮಾತು ಕೊಟ್ಟಿದ್ದಾರೆ, ಪುಟಕ್ಕೆ ಎರಡು ರೂಪಾಯಿ 😂

ಪ್ಯಾಕೆಟ್_ಪುಟ್ಟಿ

ಪ್ರಿಂಟರ್ ಜಗುಲಿಯಲ್ಲೇ ಇರಲಿ! ಒಳಗಿನವರು ಜಗುಲಿಗೆ ಬರಬಹುದು ಅಂದೆನಲ್ಲ, ಅದರ ಲಾಭ ಇಲ್ಲಿದೆ. ಪ್ರಿಂಟರ್‌ಗೆ ಲ್ಯಾನ್ ಪೋರ್ಟ್ ಇದ್ದರೆ ಬಿಳಿ ಡಬ್ಬಿಗೆ ವೈರ್ ಹಾಕಿ. ಅದಕ್ಕೆ 192.168.1.50 ಅಂತ ಒಂದು ವಿಳಾಸ ಖಾಯಂ ಮಾಡಿ. ಕಂಪ್ಯೂಟರ್‌ಗಳು ಅದನ್ನು ತಾವಾಗಿ ಹುಡುಕಲ್ಲ, ಯಾಕೆಂದರೆ "ಯಾರಾದರೂ ಪ್ರಿಂಟರ್ ಇದ್ದೀರಾ" ಅನ್ನೋ ಕೂಗು ರೌಟರ್ ದಾಟಲ್ಲ. ಪ್ರಿಂಟರ್ ಸೇರಿಸುವಾಗ ಐಪಿ ವಿಳಾಸ ಟೈಪ್ ಮಾಡಿ ಸೇರಿಸಿ. ಎರಡೂ ಮನೆಯಿಂದ ಪ್ರಿಂಟ್ ಬರುತ್ತೆ. ಸ್ಕ್ಯಾನ್ ಮಾಡಿದ್ದು ಪ್ರಿಂಟರ್‌ನಿಂದ ನೇರ ಕಂಪ್ಯೂಟರ್‌ಗೆ ಬರಲ್ಲ. ಅಪ್ಪನಿಗೆ ಸ್ಕ್ಯಾನ್ ಜಾಸ್ತಿ ಇದ್ದರೆ ಅವರ ಡೆಸ್ಕ್‌ಟಾಪ್‌ಗೆ ಯುಎಸ್‌ಬಿ ವೈರನ್ನೂ ಹಾಕಿಡಿ.

ಕ್ಯಾಮೆರಾನೂ ಜಗುಲಿಗೆ, ವೈರ್ ಹಾಕೋಕಾದರೆ. ಆದರೆ ಜಗುಲಿಯಲ್ಲಿರೋದು ಮೇಲಿನವರಿಗೂ ಕಾಣುತ್ತೆ ಅನ್ನೋದು ನೆನಪಿರಲಿ. ಕ್ಯಾಮೆರಾ ಪಾಸ್‌ವರ್ಡ್ ಬದಲಾಯಿಸಿ. ಬಿಳಿ ಡಬ್ಬಿಯದ್ದೂ ಅಷ್ಟೇ. 192.168.1.1ಕ್ಕೆ ಹೋಗಿ ಅಡ್ಮಿನ್, ಅಡ್ಮಿನ್ ಅಂತ ಹೊಡೆದರೆ ತೆರೆದುಕೊಳ್ಳುವ ಸ್ಥಿತಿಯಲ್ಲಿ ಬಿಡಬೇಡಿ, ಮೇಲಿನಿಂದಲೂ ಆ ಪುಟ ತೆರೆಯುತ್ತೆ. ಟಿವಿ ನಿಮ್ಮ ರೌಟರ್‌ನಲ್ಲೇ ಇರಲಿ, ಇಲ್ಲದಿದ್ದರೆ ಫೋನ್‌ನಿಂದ ಕ್ಯಾಸ್ಟ್ ಆಗಲ್ಲ, ಆಮೇಲೆ ಅಮ್ಮ ನನ್ನನ್ನು ಬೈತಾರೆ.

ತಂತಿಜಾಲ

ಇನ್ನೊಂದು ಸೂಕ್ಷ್ಮ. ಐಪಿವಿ6, ಅಂದರೆ ಹೊಸ ಬಗೆಯ ಉದ್ದದ ಐಪಿ ವಿಳಾಸ. ಈಗ ಫೈಬರ್ ಲೈನಿನಲ್ಲಿ ಅದೂ ಬರುತ್ತಿದೆ. ಅಲ್ಲಿ ನ್ಯಾಟ್ ಇರುವುದಿಲ್ಲ, ಪ್ರತಿ ಕಂಪ್ಯೂಟರ್‌ಗೂ ಹೊರಜಗತ್ತಿನ ವಿಳಾಸವೇ ಸಿಗುತ್ತದೆ. ತಡೆಯುವುದು ರೌಟರಿನ ಫೈರ್‌ವಾಲ್ ಮಾತ್ರ. ಕೆಲವು ಅಗ್ಗದ ರೌಟರ್‌ಗಳಲ್ಲಿ "ಪಾಸ್‌ಥ್ರೂ" ಎಂಬ ಆಯ್ಕೆ ಇರುತ್ತದೆ. ಅದನ್ನು ಹಾಕಿದರೆ ಐಪಿವಿ6ಗೆ ಬಾಗಿಲೇ ಇರುವುದಿಲ್ಲ, ನೀವು ಕಷ್ಟಪಟ್ಟು ಮಾಡಿದ ಬೇರ್ಪಡಿಕೆ ನೀರುಪಾಲು. ಎರಡೂ ರೌಟರ್‌ಗಳಲ್ಲಿ ಅದು ಆಫ್ ಇದೆಯೇ ನೋಡಿ. ರಿಮೋಟ್ ಮ್ಯಾನೇಜ್‌ಮೆಂಟ್ (ಹೊರಗಿನಿಂದ ರೌಟರ್ ಸೆಟ್ಟಿಂಗ್ ಬದಲಾಯಿಸುವುದು), ಯುಪಿಎನ್‌ಪಿ (ಒಳಗಿನ ಪ್ರೋಗ್ರಾಂಗಳೇ ರೌಟರಿನ ಬಾಗಿಲು ತೆರೆಸುವುದು) ಕೂಡ ಆಫ್ ಇರಲಿ.

ಕೇಬಲ್ ತರುವಾಗ ಶುದ್ಧ ತಾಮ್ರದ್ದೇ ಕೇಳಿ. ಅಲ್ಯೂಮಿನಿಯಂ ಮೇಲೆ ತಾಮ್ರ ಬಳಿದದ್ದು ಅಗ್ಗಕ್ಕೆ ಸಿಗುತ್ತದೆ, ಬಗ್ಗಿಸಿದರೆ ಮುರಿಯುತ್ತದೆ. ಕರೆಂಟ್ ವೈರಿನ ಪೈಪಿನೊಳಗೆ ಹಾಕಬೇಡಿ.

ಕಾಫಿತೋಟ

ಕೇಬಲ್ ಮನೆ ಹೊರಗಿಂದ ಎಳೆದರೆ ಗುಡುಗು ಮಳೆ ಇರುವಾಗ ಬಿಚ್ಚಿಡಿ. ಫೈಬರ್ ಗಾಜು, ಅದರಲ್ಲಿ ಕರೆಂಟ್ ಬರಲ್ಲ. ಲ್ಯಾನ್ ಕೇಬಲ್ ತಾಮ್ರ. ನಮ್ಮ ಕಡೆ ಏಪ್ರಿಲ್, ಮೇ ಸಿಡಿಲಿಗೆ ಪೋರ್ಟ್ ಸುಟ್ಟ ರೌಟರ್‌ಗಳು ಮನೆಗೊಂದು ಸಿಗುತ್ತವೆ.

ಮಹಡಿಮನೆ

ಎಲ್ಲ ಹಾಕಿ ಆಯ್ತು. ಮೇಲಿನ ಹುಡುಗನನ್ನೇ ಕೂರಿಸಿಕೊಂಡು ಪರೀಕ್ಷೆ ಮಾಡಿದೆ. ಅವನ ಲ್ಯಾಪ್‌ಟಾಪ್‌ನಿಂದ ಅಪ್ಪನ ಡೆಸ್ಕ್‌ಟಾಪ್‌ನ 192.168.10.5ಕ್ಕೆ ಪಿಂಗ್ (ಇದ್ದೀಯಾ ಅಂತ ಕೇಳುವ ಸಂದೇಶ) ಹೊಡೆಸಿದರೆ ಉತ್ತರ ಇಲ್ಲ. ಅವನ ಫೋನ್‌ನಲ್ಲಿ ಫಿಂಗ್ ಆ್ಯಪ್ (ನೆಟ್‌ವರ್ಕ್‌ನಲ್ಲಿ ಏನೇನಿದೆ ಅಂತ ತೋರಿಸುವುದು) ಹಾಕಿ ಸ್ಕ್ಯಾನ್ ಮಾಡಿದರೆ ಅವರಿಬ್ಬರ ಸಾಧನ ಮಾತ್ರ ಕಂಡವು. ಪ್ರಿಂಟ್ ಎರಡೂ ಕಡೆಯಿಂದ ಬಂತು. ಅಪ್ಪ ಆಗಲೇ ನಾಲ್ಕು ರೂಪಾಯಿ ವಸೂಲಿ ಮಾಡಿದ್ದಾರೆ.

ಒಂದು ತೊಂದರೆ. ಸಂಜೆ ಮೇಲಿನವರು ಗೇಮ್ ಡೌನ್‌ಲೋಡ್ ಹಾಕಿದರೆ ನನ್ನ ಆಫೀಸ್ ಮೀಟಿಂಗ್‌ನಲ್ಲಿ ಧ್ವನಿ ತುಂಡು ತುಂಡಾಗುತ್ತೆ.

ಪ್ಯಾಕೆಟ್_ಪುಟ್ಟಿ

ಮೇಲಿನ ರೌಟರ್‌ನಲ್ಲಿ ಬ್ಯಾಂಡ್‌ವಿಡ್ತ್ ಕಂಟ್ರೋಲ್ ಇರುತ್ತೆ. ಡೌನ್‌ಲೋಡ್, ಅಪ್‌ಲೋಡ್ ಎರಡಕ್ಕೂ 60 ಎಂಬಿಪಿಎಸ್ ಅಂತ ಮಿತಿ ಹಾಕಿ, ಹುಡುಗರಿಗೆ ಹೇಳಿಯೇ ಹಾಕಿ. ಲೈನ್ ಪೂರ್ತಿ ತುಂಬಿದಾಗ ಮಾತ್ರ ಮೀಟಿಂಗ್ ಒದ್ದಾಡೋದು, ಸ್ವಲ್ಪ ಜಾಗ ಖಾಲಿ ಇದ್ದರೆ ಸಾಕು. ತಿಂಗಳ ಮಿತಿಯನ್ನೂ ನೋಡಿಕೊಳ್ಳಿ. "ಅನ್‌ಲಿಮಿಟೆಡ್" ಅನ್ನೋ ಹಲವು ಪ್ಲಾನ್‌ಗಳಿಗೆ 3300 ಜಿಬಿ ಅಂತ ಒಂದು ಗೆರೆ ಇರುತ್ತೆ. ಅಷ್ಟು ಮುಗಿಸೋದು ಕಷ್ಟ, ಆದರೆ ಅವರು ಇಂಜಿನಿಯರಿಂಗ್ ಹುಡುಗರು.

ಸುಮ್ನೆ_ಓದುಗ

ಇಷ್ಟು ಓದಿದ ಮೇಲೆ ನಮ್ಮನೆ ಡಬ್ಬಿಗೆ ಅಡ್ಮಿನ್, ಅಡ್ಮಿನ್ ಹೊಡೆದು ನೋಡಿದೆ. ತೆರೆಯಿತು. ಏನೂ ಕೇಳಬೇಡಿ.

ಮಹಡಿಮನೆ

😂 ಕೊನೇ ಪ್ರಶ್ನೆ. ಈಗ ಮೂರು ಡಬ್ಬಿ ಆಯ್ತು, ಕರೆಂಟ್ ಹೋದರೆ ಮೂರೂ ಹೋಗುತ್ತವೆ. ಇನ್ವರ್ಟರ್ ಲೈನ್ ಹಾಲ್‌ನಲ್ಲಿ ಮಾತ್ರ ಇದೆ.

ಕಾಫಿತೋಟ

ಬಿಳಿ ಡಬ್ಬಿ, ನಿಮ್ಮ ರೌಟರ್ ಎರಡನ್ನೂ ಇನ್ವರ್ಟರ್ ಪ್ಲಗ್‌ಗೆ ಹಾಕಿ. ಮೇಲಿನದಕ್ಕೆ ರೌಟರ್ ಮಿನಿ ಯುಪಿಎಸ್ ಅಂತ ಸಿಗುತ್ತೆ. ತರುವ ಮುಂಚೆ ಅಡಾಪ್ಟರ್ ಮೇಲೆ 9 ವೋಲ್ಟ್ ಇದೆಯಾ 12 ವೋಲ್ಟ್ ಇದೆಯಾ ನೋಡಿಕೊಂಡು ಹೋಗಿ, ಪಿನ್ ದಪ್ಪವೂ ಬೇರೆ ಬೇರೆ ಇರುತ್ತೆ. ಹಳೇ ಅಡಾಪ್ಟರನ್ನೇ ಅಂಗಡಿಗೆ ತಗೊಂಡು ಹೋದರೆ ಸರಿ.

ಮಹಡಿಮನೆ

ಆಯ್ತು, ನಾಳೆ ತರ್ತೀನಿ. ದುಡ್ಡು ಮಾತ್ರ ಹುಡುಗರದ್ದೇ.